ಅಂಚಿನ ಬರಹ

2024ರ ನವೆಂಬರ್ ತಿಂಗಳಲ್ಲಿ, ಮೈಸೂರಿನ ನಮ್ಮ ಮನೆಯಂಗಳದ ಪಾರಿಜಾತವು ಹೂವುದುರಿಸುವುದನ್ನು ಇನ್ನೂ ನಿಲ್ಲಿಸದಿದ್ದ ಒಂದು ಮುಂಜಾನೆ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಿಂದ ನನ್ನ ಹಳೆಯ ಮಿತ್ರರೊಬ್ಬರ ಪತ್ರ ಬಂದಿತು. ಪ್ರೌಢಶಾಲೆಯಲ್ಲಿ ಗಣಿತವನ್ನು ಬೋಧಿಸಿ ನಿವೃತ್ತರಾದ ಅವರು ಸ್ವಭಾವತಃ ಮಿತಭಾಷಿಗಳು. ನಾಲ್ಕು ದಶಕಗಳ ಸ್ನೇಹದಲ್ಲಿ ಅವರು ನನಗೆ ಬರೆದ ಪತ್ರಗಳು ಎಣಿಸಿದರೆ ಹತ್ತನ್ನು ಮೀರಲಾರವು. ಪತ್ರದ ಸಾರ ಇಷ್ಟೆ: ನಾವು ಆಡುತ್ತ ಬಂದಿರುವ ಆಟಕ್ಕೆ ಈಗ ಐವತ್ತು ವರ್ಷ ತುಂಬಿದೆ, ಅದರ ನಿಯಮಗ್ರಂಥಗಳ ನೂತನ ಪರಿಷ್ಕರಣವು ಹೊರಬರತೊಡಗಿದೆ, ನಮ್ಮ ಪುಸ್ತಕಗಳಾದರೋ ಬೆನ್ನು ಬಿರಿದು ಹಾಳೆಹಾಳೆಯಾಗಿವೆ, ಇನ್ನು ಮುಂದೆಯೂ 1989ರ ನಿಯಮದಲ್ಲಿಯೇ ಆಡುವುದೋ ಅಥವಾ ಹೊಸದಕ್ಕೆ ಹೋಗುವುದೋ ಎಂಬುದನ್ನು ನಾಲ್ವರೂ ಯೋಚಿಸಿ ಬರೆದು ತಿಳಿಸಬೇಕು. ಉತ್ತರ ಬರೆಯುವುದಕ್ಕೆ ನನಗೆ ಮೂರು ವಾರಗಳು ಹಿಡಿದವು. ಬರೆಯಲು ಕುಳಿತಾಗಲೆಲ್ಲ ಉತ್ತರಕ್ಕೆ ಬದಲಾಗಿ ನೆನಪುಗಳೇ ಬಂದು ಕುಳಿತುಕೊಳ್ಳುತ್ತಿದ್ದವು.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅದನ್ನು ಕಂಡರಿಯದ ಓದುಗರಿಗಾಗಿ ನಾಲ್ಕು ಮಾತು ಹೇಳಬೇಕು. ಮೇಜಿನ ಸುತ್ತ ಕೆಲವರು ಕುಳಿತುಕೊಳ್ಳುತ್ತಾರೆ. ಅವರಲ್ಲಿ ಒಬ್ಬರು, ಡಂಜನ್ ಮಾಸ್ಟರ್ ಎನಿಸಿಕೊಂಡವರು, ಒಂದು ಕಲ್ಪಿತ ಲೋಕವನ್ನು ಬಾಯಿಮಾತಿನಿಂದ ವರ್ಣಿಸುತ್ತಾರೆ. ಉಳಿದವರು ತಲೆಗೊಂದರಂತೆ ಪಾತ್ರಗಳನ್ನು ವಹಿಸಿ, ತಾವು ಏನು ಮಾಡುವೆವೆಂಬುದನ್ನು ಹೇಳುತ್ತಾರೆ. ಕೈಗೊಂಡ ಕಾರ್ಯವು ಕೈಗೂಡೀತೋ ಇಲ್ಲವೋ ಎಂಬ ಸಂದೇಹ ಬಂದಲ್ಲಿ ನಾಲ್ಕು, ಆರು, ಎಂಟು, ಹನ್ನೆರಡು, ಇಪ್ಪತ್ತು ಮುಖಗಳ ದಾಳಗಳು ಉರುಳಿ ತೀರ್ಪು ಕೊಡುತ್ತವೆ. ಗೆಲ್ಲುವವರೂ ಇಲ್ಲ, ಸೋಲುವವರೂ ಇಲ್ಲ. ಕಥೆ ಮಾತ್ರ ವರ್ಷಾನುಗಟ್ಟಲೆ ಬೆಳೆಯುತ್ತ ಹೋಗುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಈ ಆಟವು 1974ರಲ್ಲಿ ವಿಸ್ಕಾನ್ಸಿನ್ನಿನ ಲೇಕ್ ಜಿನೀವಾ ಎಂಬ ಪುಟ್ಟ ಊರಿನಿಂದ, ಮೂರು ಕಿರುಪುಸ್ತಕಗಳ ಒಂದು ಪೆಟ್ಟಿಗೆಯಾಗಿ, ಮೊದಲಿಗೆ ಕೇವಲ 1,000 ಪ್ರತಿಗಳಲ್ಲಿ ಪ್ರಕಟವಾಯಿತು.

ನಾನು ಮ್ಯಾಡಿಸನ್ ನಗರಕ್ಕೆ ವಿದ್ಯಾರ್ಥಿಯಾಗಿ ಹೋದದ್ದು 1985ರ ಆಗಸ್ಟಿನಲ್ಲಿ. ಲೇಕ್ ಜಿನೀವಾ ಅಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಹಿಮವೆಂಬುದನ್ನು ಪಠ್ಯಪುಸ್ತಕದಲ್ಲಿ ಮಾತ್ರ ಓದಿದ್ದ ನನಗೆ ಡಿಸೆಂಬರ್ ಬರುವಷ್ಟರಲ್ಲಿ ಮನೆಯ ಬಾಗಿಲೇ ಊರ ಎಲ್ಲೆಯಾಗಿ ತೋರತೊಡಗಿತು. ಅಂಥದೊಂದು ಶನಿವಾರ ಸಂಜೆ, ನಾನಿದ್ದ ಮನೆಯ ನೆಲಮಾಳಿಗೆಯಿಂದ ನಾಲ್ಕಾರು ಮಂದಿ ಏರುಧ್ವನಿಯಲ್ಲಿ ವಾದಿಸುವುದು ಕೇಳಿಸಿ, ಜಗಳವೇನೋ ಎಂದು ಗಾಬರಿಯಿಂದ ಮೆಟ್ಟಿಲಿಳಿದು ಹೋದೆನು. ಅಲ್ಲಿ ಜಗಳವಿರಲಿಲ್ಲ. ಮಂದವಾದ ಒಂದು ದೀಪದ ಕೆಳಗೆ ಗಣಿತದ ವಿದ್ಯಾರ್ಥಿಯೊಬ್ಬರು ಮೂರು ಮಡಿಕೆಯ ರಟ್ಟಿನ ಪರದೆಯೊಂದನ್ನು ಮುಂದಿಟ್ಟುಕೊಂಡು, ಕುಸಿದುಬಿದ್ದ ಕೋಟೆಯೊಂದರ ಬಾವಿಯನ್ನು ವರ್ಣಿಸುತ್ತಿದ್ದರು. ಉಳಿದವರು ಆ ಬಾವಿಯೊಳಕ್ಕೆ ಹಗ್ಗವನ್ನು ಹೇಗೆ ಇಳಿಬಿಡಬೇಕೆಂಬುದನ್ನು ಕುರಿತು, ಜೀವ ಹೋಗುವ ಪ್ರಶ್ನೆಯೋ ಎಂಬಂತೆ, ಚರ್ಚಿಸುತ್ತಿದ್ದರು.

ನನ್ನ ಮನಸ್ಸು ಆ ಕ್ಷಣದಲ್ಲಿ ಹಾರಿಹೋದದ್ದು ಪುತ್ತೂರಿನ ಬಳಿಯ ನಮ್ಮ ಊರಿಗೆ. ಪತ್ತನಾಜೆಯಂದು ಯಕ್ಷಗಾನದ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ, ಹೊರಗೆ ಆಷಾಢದ ಮಳೆ ಹೊಯ್ಯುತ್ತಿರುವಾಗ, ಚಾವಡಿಯಲ್ಲಿ ತಾಳಮದ್ದಳೆ ನಡೆಯುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳಿ ನಿಲ್ಲಿಸಿದೊಡನೆ ಅರ್ಥಧಾರಿಗಳು ಎದುರುಬದುರಾಗಿ ಕುಳಿತು, ಆ ಗಳಿಗೆಯಲ್ಲಿ ನಾಲಗೆಗೆ ಬಂದ ಮಾತಿನಿಂದ ಕರ್ಣನನ್ನೋ ವಾಲಿಯನ್ನೋ ಕಟ್ಟಿ ನಿಲ್ಲಿಸಬೇಕು. ನನ್ನ ಸೋದರಮಾವ ಆ ಕೂಟಗಳಲ್ಲಿ ಅರ್ಥ ಹೇಳುತ್ತಿದ್ದರು. ಅವರ ಕರ್ಣನು ಪ್ರತಿಸಲವೂ ಸಾಯುವನೆಂಬುದು ನಮಗೆಲ್ಲ ತಿಳಿದೇ ಇರುತ್ತಿತ್ತಾದರೂ, ಸಾಯುವ ಮುನ್ನ ಏನು ಹೇಳುವನೆಂಬುದು ಅವರಿಗೇ ತಿಳಿದಿರುತ್ತಿರಲಿಲ್ಲ. ನೆಲಮಾಳಿಗೆಯ ಆ ಆಟದಲ್ಲಿ ಸಾಯುವನೋ ಉಳಿಯುವನೋ ಎಂಬುದೂ ಯಾರಿಗೂ ತಿಳಿದಿರಲಿಲ್ಲವೆಂಬುದಷ್ಟೇ ಭೇದ. ಮೆಟ್ಟಿಲಿನ ಮೇಲೆ ನಿಂತಿದ್ದವನನ್ನು ಅವರು ಕರೆದು ಕೂರಿಸಿದರು. ಕೈಗೆ ಕೊಟ್ಟ ದಾಳಗಳು ಅಗ್ಗದ ಪ್ಲಾಸ್ಟಿಕ್ಕಿನವು; ಅಂಕಿಗಳು ಕಣ್ಣಿಗೆ ಕಾಣಬೇಕಾದರೆ ಅವುಗಳ ಗೀರುಗಳಲ್ಲಿ ಮೇಣದ ಬಣ್ಣದ ಕಡ್ಡಿಯನ್ನು ತೀಡಿ ತುಂಬಬೇಕಾಗಿತ್ತು. ಆ ಕೆಲಸವೇ ಆ ರಾತ್ರಿಯ ನನ್ನ ಮೊದಲ ಪಾಠವಾಯಿತು.

ನನ್ನ ಪಾತ್ರ ಹಾಫ್ಲಿಂಗ್ ಎಂಬ ಸೊಂಟದೆತ್ತರದ ಕುಳ್ಳರ ಕುಲದ ಒಬ್ಬ ಕಳ್ಳ. ಹೆಸರು ಬೇಕೆಂದಾಗ ಗುಬ್ಬಿ ಎಂದೆನು. ಅವರ ಬಾಯಲ್ಲಿ ಅದು ಗಬ್ಬಿಯಾಯಿತು, ಇಂದಿಗೂ ಹಾಗೆಯೇ ಇದೆ. ಅವನ ಪ್ರಾಣಶಕ್ತಿಗೆ, ಎಂದರೆ ಹಿಟ್ ಪಾಯಿಂಟಿಗೆ, ದಾಳದಲ್ಲಿ ಬಿದ್ದದ್ದು ಮೂರು. ಎರಡು ಗಂಟೆಗಳ ಬಳಿಕ ಗುಬ್ಬಿಯು ಒಂದು ಪೆಟ್ಟಿಗೆಯ ಬೀಗಕ್ಕೆ ಕೈಯಿಕ್ಕಿದನು, ಒಳಗಿದ್ದ ವಿಷದ ಸೂಜಿ ಚುಚ್ಚಿತು, ವಿಷವನ್ನು ಅರಗಿಸಿಕೊಳ್ಳುವನೇ ಎಂದು ಹಾಕಿದ ದಾಳ ಕೈಕೊಟ್ಟಿತು, ಗುಬ್ಬಿ ಸತ್ತನು. ಯಾರೂ ನಗಲಿಲ್ಲ. ಉಳಿದವರು ಅವನನ್ನು ಬಾವಿಯ ಪಕ್ಕದಲ್ಲಿ ಹೂಳುವೆವೆಂದು ಹೇಳಿ, ಏನು ಹೊದಿಸಿ ಹೂಳಬೇಕೆಂದು ನನ್ನನ್ನೇ ಕೇಳಿದರು. ಪರದೇಶದಲ್ಲಿ ಯಾರಾದರೊಬ್ಬರು ನನ್ನ ಅಭಿಪ್ರಾಯವನ್ನು ಅಷ್ಟು ಗೌರವದಿಂದ ಕೇಳಿದ್ದು ಅದೇ ಮೊದಲು. ಇಂದು ನಾನಾಡುತ್ತಿರುವವನು ನಾಲ್ಕನೆಯ ಗುಬ್ಬಿ. 1987ರ ವಸಂತದಲ್ಲಿ ಹುಟ್ಟಿದವನು. ಬಹು ಮೆಲ್ಲಗೆ, ಒಂದೊಂದೇ ಮೆಟ್ಟಿಲನ್ನು ತಡವಿ ನೋಡಿ ಏರಿ, ಹನ್ನೊಂದನೆಯ ಲೆವೆಲ್ ತಲಪಿದ್ದಾನೆ.

ಆಗ ನಾವು ಬಳಸುತ್ತಿದ್ದವು ಗೈಗ್ಯಾಕ್ಸರು 1977ರಿಂದ 1979ರವರೆಗಿನ ಅವಧಿಯಲ್ಲಿ ಬರೆದು ಹೊರತಂದ ಮೊದಲನೆಯ ಆವೃತ್ತಿಯ ಮೂರು ದಪ್ಪ ರಟ್ಟಿನ ಗ್ರಂಥಗಳು. ಪ್ರಾಣಿಗಳ ಗ್ರಂಥವನ್ನು ತಿರುವುತ್ತಿದ್ದಾಗ ರಾಕ್ಷಸನೆಂಬ ಹೆಸರು ಕಣ್ಣಿಗೆ ಬಿದ್ದಿತು. ಚಿತ್ರದಲ್ಲಿ ಹುಲಿಯ ತಲೆಯ ಒಬ್ಬನು ನಿಲುವಂಗಿ ತೊಟ್ಟು ಪೈಪು ಸೇದುತ್ತ ಕುಳಿತಿದ್ದನು. ಮಂತ್ರಿಸಿದ ಅಡ್ಡಬಿಲ್ಲಿನ ಬಾಣ ತಗಲಿದರೆ ಅವನು ಸಾಯುವನೆಂಬುದು ಅಲ್ಲಿನ ವಿಧಿ. ನಮ್ಮಲ್ಲಿ ಅವರು ಹೀಗಿರುವುದಿಲ್ಲವೆಂದು ನಾನು ಹೇಳಿದಾಗ, ಹೇಗಿರುತ್ತಾರೆಂದು ಮಧ್ಯರಾತ್ರಿಯವರೆಗೆ ಕೇಳಿದ ಮಿತ್ರರು, ಆ ಪುಟದ ಅಂಚಿನಲ್ಲಿ ಆ ಪದವನ್ನು ಕನ್ನಡದಲ್ಲಿ ಬರೆಯುವಂತೆ ನನಗೆ ಪೆನ್ಸಿಲನ್ನಿತ್ತರು. 1980ರ ಇನ್ನೊಂದು ಗ್ರಂಥದಲ್ಲಿ ಇಂದ್ರ, ವರುಣ, ಯಮ, ವಿಷ್ಣುಗಳಿಗೂ ಇಷ್ಟಿಷ್ಟು ಹಿಟ್ ಪಾಯಿಂಟೆಂದು ಎಣಿಸಿಟ್ಟಿದ್ದುದನ್ನು ಕಂಡು ನನಗೆ ಸಂಕಟವಾಯಿತು. ಸಂಧ್ಯಾವಂದನೆಯನ್ನು ಬಿಟ್ಟು ವರ್ಷಗಳಾಗಿದ್ದವನಿಗೆ ಆ ಸಂಕಟವೆಲ್ಲಿಂದ ಬಂದಿತೋ ಹೇಳಲಾರೆನು. ನಾನು ಬಾಯಿ ಬಿಡುವುದಕ್ಕೆ ಮೊದಲೇ ಡಂಜನ್ ಮಾಸ್ಟರ್ ನನ್ನ ಮುಖವನ್ನು ನೋಡಿ, ಈ ಅಧ್ಯಾಯ ನಮ್ಮ ಮೇಜಿಗೆ ಬೇಡವೆಂದು ಅದರ ತಲೆಬರಹದ ಮಗ್ಗುಲಲ್ಲಿ ಬರೆದು ದಿನಾಂಕ ಹಾಕಿದರು. ನಮ್ಮ ಅಂಚಿನ ಬರಹಗಳ ಪರಂಪರೆ ಹೀಗೆ ಆರಂಭವಾಯಿತು.

ಹಳೆಯದೋ ಹೊಸದೋ ಎಂಬ ಪ್ರಶ್ನೆ ನಮಗೆ ಮೊದಲು ಎದುರಾದದ್ದು 1989ರಲ್ಲಿ. ಅಷ್ಟರೊಳಗೆ ಗೈಗ್ಯಾಕ್ಸರು ತಾವೇ ಕಟ್ಟಿದ ಸಂಸ್ಥೆಯಿಂದ ಹೊರಬಂದಿದ್ದರು. ಎರಡನೆಯ ಆವೃತ್ತಿಯನ್ನು ಸಿದ್ಧಗೊಳಿಸಿದವರು ಡೇವಿಡ್ ಕುಕ್. ಆ ವರ್ಷದ ಆಗಸ್ಟಿನಲ್ಲಿ ಮಿಲ್ವಾಕಿ ನಗರದಲ್ಲಿ ನಡೆದ ಜೆನ್ ಕಾನ್ ಎಂಬ ಆಟಗಾರರ ಮೇಳಕ್ಕೆ ಐವರೂ ಒಂದೇ ಕಾರಿನಲ್ಲಿ ಹೋಗಿ, ಹೊಸ ಪುಸ್ತಕಗಳನ್ನು ತೊಡೆಯ ಮೇಲಿಟ್ಟುಕೊಂಡು ಓದುತ್ತ ಮರಳಿದೆವು. ಬರಹ ತಿಳಿಯಾಗಿತ್ತು, ಜೋಡಣೆ ಅಚ್ಚುಕಟ್ಟಾಗಿತ್ತು; ಹಿಂದಿನ ಗ್ರಂಥದಲ್ಲಿ ಕಾಡಿನಲ್ಲಿ ಸೊಪ್ಪು ಹುಡುಕಿದಂತೆ ಹುಡುಕಬೇಕಾಗಿದ್ದ ಕೋಷ್ಟಕಗಳು ಇಲ್ಲಿ ಕೈಗೆಟುಕುವಂತಿದ್ದವು. ಪ್ರಾಣಿಗಳ ವಿವರಗಳನ್ನು ಮಾತ್ರ ಬಿಡಿ ಹಾಳೆಗಳಾಗಿ ಮಾಡಿ, ಮೂರು ಉಂಗುರಗಳ ಕಡತದಲ್ಲಿ ಪೋಣಿಸಿ ಕೊಟ್ಟಿದ್ದರು; ಮುಂದೆ ಬರುವ ಹಾಳೆಗಳನ್ನು ಅಕಾರಾದಿಯಲ್ಲಿ ಸೇರಿಸಿಕೊಳ್ಳಬಹುದೆಂಬುದು ಅದರ ಉದ್ದೇಶ. ಆದರೆ ಒಂದೇ ಹಾಳೆಯ ಎರಡು ಮಗ್ಗುಲಿಗೂ ಬೇರೆಬೇರೆ ಪ್ರಾಣಿಗಳಿರುವಾಗ ಅಕಾರಾದಿ ನಿಲ್ಲುವುದೆಂತು?

ಇದೆಲ್ಲ ಸಣ್ಣ ವಿಷಯ. ದೊಡ್ಡದು ಮನೆಗೆ ಬಂದ ಮೇಲೆ ತಿಳಿಯಿತು. ನಮ್ಮಲ್ಲೊಬ್ಬರು, ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದ ಮಹಿಳೆ, ನಾಲ್ಕು ವರ್ಷಗಳಿಂದ ಅರ್ಧ ಆರ್ಕ್ ಎಂಬ ಕಲ್ಪಿತ ಕುಲದ ಹಂತಕಿಯ ಪಾತ್ರವನ್ನು ಆಡುತ್ತ ಬಂದಿದ್ದರು. ಹೊಸ ಪುಸ್ತಕದಲ್ಲಿ ಅರ್ಧ ಆರ್ಕರೂ ಇರಲಿಲ್ಲ, ಹಂತಕರ ವೃತ್ತಿಯೂ ಇರಲಿಲ್ಲ. ಆಕೆ ಪುಟಗಳನ್ನು ಎರಡೆರಡು ಸಲ ತಿರುವಿ, ಪುಸ್ತಕವನ್ನು ಮುಚ್ಚಿ, ತಮ್ಮ ಪಾತ್ರವು ನಮ್ಮ ಪ್ರಾಣವನ್ನು ಮೂರು ಬಾರಿ ಉಳಿಸಿರುವುದನ್ನು ನೆನಪಿಸಿ, ಹಾಗಾದರೆ ಆ ಮೂರು ಬಾರಿ ನಮ್ಮನ್ನು ಉಳಿಸಿದವರು ಯಾರೆಂದು ಮೃದುವಾಗಿ ಕೇಳಿದರು. ಉತ್ತರವಾಗಿ ಡಂಜನ್ ಮಾಸ್ಟರ್ ಹೊಸ ಪುಸ್ತಕದ ಮೊದಲ ಖಾಲಿ ಹಾಳೆಯ ಮೇಲೆ, ಹಳೆಯದರಿಂದ ಉಳಿಸಿಕೊಳ್ಳತಕ್ಕವುಗಳೆಂದು ಬರೆದು, ಅದರ ಕೆಳಗೆ ಮೊದಲನೆಯದಾಗಿ ಆಕೆಯ ಪಾತ್ರದ ಹೆಸರನ್ನು ಬರೆದರು. ಆದುದರಿಂದ ನಾವು ಎರಡನೆಯ ಆವೃತ್ತಿಯವರೆಂದು ಹೇಳಿಕೊಳ್ಳುವುದು ಲೋಕರೂಢಿಗೆ ಮಾತ್ರ ಸರಿ. ಅಚ್ಚಾದ ಎರಡನೆಯ ಆವೃತ್ತಿಯನ್ನು ಇದ್ದುದಿದ್ದಂತೆ ನಾವು ಒಂದು ದಿನವೂ ಆಡಿದವರಲ್ಲ.

ಆ ಹಾಳೆ ತುಂಬಿ ಅಂಚುಗಳಿಗೆ ಹರಿಯಿತು. ಒಮ್ಮೆ ಕೋಟೆಯ ಕಂದಕದ ನೀರಿನ ಮೇಲೆ ದೀಪದೆಣ್ಣೆಯನ್ನು ಸುರಿದು ಹೊತ್ತಿಸಬಹುದೇ ಎಂಬ ಪ್ರಶ್ನೆ ಬಂದಾಗ, ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ ಮಿತ್ರನೂ, ಹಸು ಸಾಕುವ ರೈತರ ಮನೆಯಿಂದ ಬಂದ ಇನ್ನೊಬ್ಬ ಮಿತ್ರನೂ ಒಂದು ಗಂಟೆಯ ಕಾಲ ವಾದಿಸಿದರು. ಗ್ರಂಥ ಆ ವಿಷಯದಲ್ಲಿ ಮೌನವಾಗಿತ್ತು. ಕೊನೆಗೆ ಅಂಚಿನಲ್ಲಿ ಬಿದ್ದ ತೀರ್ಪು ಇಂದಿಗೂ ಓದಲು ಸಿಗುತ್ತದೆ: ನಿಂತ ನೀರಿನ ಮೇಲೆ ಉರಿಯುತ್ತದೆ, ಹರಿಯುವ ನೀರಿನ ಮೇಲೆ ಇಲ್ಲ. ಮುಂದೆ ಹನ್ನೊಂದು ವರ್ಷಗಳ ಬಳಿಕ ನಾವು ಒಂದು ಹೊಳೆಯನ್ನು ದಾಟುವಾಗ ಶತ್ರುಗಳ ಬೆಂಕಿಯಿಂದ ಪಾರಾದದ್ದು ಈ ಒಂದು ವಾಕ್ಯದ ಬಲದಿಂದಲೇ. ಹಳೆಯ ನಿಯಮಗಳಲ್ಲಿ ಇಂಥ ಮೌನಗಳು ಬಹಳ. ಅವು ಗ್ರಂಥದ ದೋಷಗಳೆಂದು ಬಲ್ಲವರು ಹೇಳುತ್ತಾರೆ, ದೋಷಗಳಿರಲೂಬಹುದು. ಆದರೆ ನಮ್ಮ ಐವರ ಬುದ್ಧಿಯೂ ನ್ಯಾಯವೂ ಒಬ್ಬರನ್ನೊಬ್ಬರು ಅರಿತುಕೊಂಡದ್ದು ಆ ಮೌನಗಳಲ್ಲಿಯೇ.

2000ದ ಆಗಸ್ಟಿನಲ್ಲಿ ಮೂರನೆಯ ಆವೃತ್ತಿ ಬಂದಿತು. ಅದಕ್ಕೆ ಮೂರು ವರ್ಷಗಳ ಹಿಂದೆಯೇ ಲೇಕ್ ಜಿನೀವಾದ ಸಂಸ್ಥೆಯನ್ನು ಸಿಯಾಟಲ್ ಬಳಿಯ ವಿಜರ್ಡ್ಸ್ ಆಫ್ ದ ಕೋಸ್ಟ್ ಎಂಬ ಕಂಪೆನಿ ಕೊಂಡುಕೊಂಡಿತ್ತು. ಉದ್ಯೋಗನಿಮಿತ್ತವಾಗಿ ಊರೂರು ಸೇರಿದ್ದ ನಾವು ವರ್ಷಕ್ಕೊಮ್ಮೆ ನಾಲ್ಕು ದಿನ ಡಂಜನ್ ಮಾಸ್ಟರರ ಮನೆಯಲ್ಲಿ ಕಲೆಯುತ್ತಿದ್ದೆವು. ಆ ಸಲದ ನಾಲ್ಕೂ ದಿನಗಳನ್ನು ಹೊಸ ನಿಯಮಕ್ಕೆ ಮೀಸಲಿಟ್ಟು, ಅದನ್ನು ಪೂರ್ವಗ್ರಹವಿಲ್ಲದೆ ಆಡಿ ನೋಡಬೇಕೆಂದು ಮಾತು ಕೊಟ್ಟುಕೊಂಡೆವು.

ನಮ್ಮ ಹಳೆಯ ನಿಯಮದಲ್ಲಿ ಪೆಟ್ಟು ತಗಲುವುದರ ಲೆಕ್ಕ ವಕ್ರವಾದದ್ದು. ಕವಚದ ಅಂಕವು ಕಡಿಮೆಯಾದಷ್ಟೂ ಕವಚ ಗಟ್ಟಿ. ಹತ್ತೆಂದರೆ ಬರಿಮೈ, ಸೊನ್ನೆಗಿಂತ ಕೆಳಗೆ ಇಳಿದರೆ ಮಹಾಯೋಧ. ಪ್ರತಿ ಪಾತ್ರಕ್ಕೂ ಥ್ಯಾಕೊ ಎಂಬೊಂದು ಅಂಕವಿರುತ್ತದೆ. ಸೊನ್ನೆಯ ಕವಚವನ್ನು ತಾಕಲು ಇಪ್ಪತ್ತು ಮುಖದ ದಾಳದಲ್ಲಿ ಬೀಳಬೇಕಾದ ಸಂಖ್ಯೆ ಅದು. ಆಗ ಒಂಬತ್ತನೆಯ ಲೆವೆಲ್ಲಿನಲ್ಲಿದ್ದ ಗುಬ್ಬಿಯ ಥ್ಯಾಕೊ ಹದಿನಾರು; ಎದುರಾಳಿಯ ಕವಚ ಮೂರಾದರೆ ಕಳೆದು ಹದಿಮೂರು ಬೀಳಬೇಕು, ಕವಚ ಸೊನ್ನೆಗಿಂತ ಎರಡು ಕೆಳಗಿದ್ದರೆ ಕೂಡಿಸಿ ಹದಿನೆಂಟು ಬೀಳಬೇಕು. ಹೊಸ ನಿಯಮವು ಈ ಗೋಜನ್ನು ಒಂದೇ ಏಟಿಗೆ ನೇರಗೊಳಿಸಿ, ಎಲ್ಲೆಲ್ಲಿಯೂ ಹೆಚ್ಚಿದಷ್ಟು ಒಳ್ಳೆಯದೆಂಬ ಒಂದೇ ಸೂತ್ರವನ್ನು ಹಿಡಿದಿತ್ತು. ಅದು ಉತ್ತಮವಾದ ಗಣಿತವೆಂಬುದರಲ್ಲಿ ನನಗೆ ಅಂದೂ ಸಂಶಯವಿರಲಿಲ್ಲ, ಇಂದೂ ಇಲ್ಲ. ಥ್ಯಾಕೊವನ್ನು ಸಮರ್ಥಿಸುವ ವೃದ್ಧರನ್ನು ಕಂಡಿದ್ದೇನೆ. ಅವರ ಪಂಕ್ತಿಯಲ್ಲಿ ನಾನು ಕೂರುವುದಿಲ್ಲ.

ಹಳೆಯ ಪಾತ್ರಗಳನ್ನು ಹೊಸ ನಿಯಮಕ್ಕೆ ಇಳಿಸಿಕೊಳ್ಳಲೆಂದು ಒಂದು ಕೈಪಿಡಿಯನ್ನೂ ಪ್ರಕಟಿಸಿದ್ದರು. ಅದರ ಪ್ರಕಾರ ಗುಬ್ಬಿಯನ್ನು ಹೊಸ ಹಾಳೆಗೆ ಏರಿಸಿದೆನು. ಆಲಿಸುವುದಕ್ಕೊಂದು ಅಂಕ, ಹುಡುಕುವುದಕ್ಕೊಂದು, ಬೀಗ ತೆರೆಯುವುದಕ್ಕೊಂದು, ಯಂತ್ರಗಳನ್ನು ಕೆಡಿಸುವುದಕ್ಕೊಂದು. ಮೂರನೆಯ ದಿನ ಒಂದು ಕಲ್ಲಿನ ಗೋಡೆಯ ಮುಂದೆ ನಿಂತಾಗ ನಾನು ವಾಡಿಕೆಯಂತೆ, ಕಲ್ಲುಗಳ ಸಂದಿಯಲ್ಲಿ ದೀಪದ ಜ್ವಾಲೆ ಎಲ್ಲಿ ಬಾಗುವುದೋ ನೋಡುತ್ತೇನೆಂದು ಹೇಳುವುದಕ್ಕೆ ಬಾಯಿ ತೆರೆದೆನು. ತೆರೆದವನು ಹಾಳೆಯನ್ನು ನೋಡಿ, ಹುಡುಕುತ್ತೇನೆಂದಷ್ಟೇ ಹೇಳಿ ದಾಳ ಹಾಕಿದೆನು. ಬಾಗಿಲು ಸಿಕ್ಕಿತು. ಸಿಕ್ಕಿದ ಸಂತೋಷ ಮಾತ್ರ ಸಿಗಲಿಲ್ಲ. ನ್ಯಾಯವಾಗಿ ಹೇಳಬೇಕಾದರೆ, ಈ ಪ್ರವೃತ್ತಿಯ ಬೀಜವನ್ನು ಬಿತ್ತಿದವನು ಹಳೆಯ ಆಟದ ಕಳ್ಳನೇ. ಶೇಕಡಾ ಇಷ್ಟೆಂದು ತನ್ನ ಕುಶಲತೆಗಳನ್ನು ಬರೆದುಕೊಂಡು ಬಂದ ಮೊದಲಿಗನು ಅವನೇ. ಹೊಸ ನಿಯಮವು ನನ್ನ ಬಾಯಿಯನ್ನು ಕಟ್ಟಿರಲೂ ಇಲ್ಲ. ಬಯಸಿದ್ದರೆ ದೀಪದ ಮಾತನ್ನು ಆಡಬಹುದಾಗಿತ್ತು. ಆದರೂ ಸುಲಭವಾದ ದಾರಿ ಕಣ್ಣೆದುರಿಗಿರುವಾಗ ಬಳಸುದಾರಿಯಲ್ಲಿ ನಡೆಯುವ ಸಂಯಮ ಮನುಷ್ಯನಿಗೆ ಕಡಿಮೆ. ನಾಲ್ಕನೆಯ ದಿನ ಬೆಳಗ್ಗೆ, ಯಾರೂ ಯಾರನ್ನೂ ಕೇಳದೆ, ಐವರೂ ಹಳೆಯ ಪುಸ್ತಕಗಳನ್ನು ಮೇಜಿನ ಮೇಲಿಟ್ಟೆವು.

ಮುಂದೆ 2003ರಲ್ಲಿ ಒಂದು ತಿದ್ದುಪಡಿ, 2008ರಲ್ಲಿ ನಾಲ್ಕನೆಯದು, 2014ರಲ್ಲಿ ಐದನೆಯದು ಬಂದವು. ಅವನ್ನು ಕೊಂಡು ಓದಿದೆವು, ಆಡಲಿಲ್ಲ. ಗೈಗ್ಯಾಕ್ಸರು 2008ರ ಮಾರ್ಚ್ 4ರಂದು ತೀರಿಕೊಂಡ ಸುದ್ದಿ ಬಂದ ರಾತ್ರಿ ನಾವು ದೂರವಾಣಿಯಲ್ಲಿ ಬಹಳ ಹೊತ್ತು ಮಾತನಾಡಿದೆವು. ಮರುವರ್ಷ ಆರ್ನೆಸನ್ನರೂ ಹೋದರು. ಅದೇ 2009ರಲ್ಲಿ ಹಳೆಯ ಗ್ರಂಥಗಳ ಡಿಜಿಟಲ್ ಪ್ರತಿಗಳ ಮಾರಾಟವೂ ನಿಂತುಹೋಗಿ, 2013ರವರೆಗೆ ಆ ಡಿಜಿಟಲ್ ಪ್ರತಿಗಳನ್ನು ನ್ಯಾಯವಾಗಿ ಕೊಳ್ಳುವ ದಾರಿಯೇ ಇರಲಿಲ್ಲ. ಮುದ್ರಣ ನಿಂತ ಗ್ರಂಥದ ಆಟ ಸಾಯುವುದೇ ಎಂಬ ಅಳುಕು ಆಗ ನನಗಿದ್ದುದು ನಿಜ. ಸಾಯಲಿಲ್ಲ. ಮೊದಲನೆಯ ಆವೃತ್ತಿಯ ನಿಯಮಗಳನ್ನೇ ಬೇರೆ ಮಾತುಗಳಲ್ಲಿ ಬರೆದ ಆಸ್ರಿಕ್ ಎಂಬ ಗ್ರಂಥವನ್ನು ಅಭಿಮಾನಿಗಳು 2006ರಲ್ಲಿಯೇ ಸಿದ್ಧಪಡಿಸಿದ್ದರು. 2013ರಲ್ಲಿ ಪ್ರಕಾಶಕರೇ ಎರಡನೆಯ ಆವೃತ್ತಿಯನ್ನು ಪುನರ್ಮುದ್ರಿಸಿದರು. ನಾನು ಮೈಸೂರಿಗೆ ಮರಳಿದ ಮೇಲೆ ಆಟವು ಕೆಲವು ಕಾಲ ತಪ್ಪಿತ್ತು. 2020ರಿಂದ ವೀಡಿಯೊ ಕರೆಯಲ್ಲಿ ನಡೆಯುತ್ತಿದೆ. ಅವರ ಶನಿವಾರ ರಾತ್ರಿಯ ಎಂಟು ಗಂಟೆ, ನನ್ನ ಭಾನುವಾರದ ಬೆಳಗಿನ ಆರೂವರೆ. ಚಳಿಗಾಲದಲ್ಲಿ ಅವರು ಗಡಿಯಾರವನ್ನು ಹಿಂದಕ್ಕೆ ತಿರುಗಿಸಿಕೊಂಡಾಗ ಏಳೂವರೆ.

ಪತ್ರ ಬಂದ ಎರಡನೆಯ ವಾರ ಬೆಂಗಳೂರಿನಲ್ಲಿರುವ ಅಣ್ಣನ ಮಗಳು ತನ್ನ ಗೆಳೆಯರ ಮೇಜಿಗೆ ನನ್ನನ್ನು ಕರೆದುಕೊಂಡು ಹೋದಳು. ಅವರಾಡುವುದು ಐದನೆಯ ಆವೃತ್ತಿ. ಆರು ಮಂದಿ ತರುಣರು ಕನ್ನಡ, ಇಂಗ್ಲಿಷ್, ಹಿಂದಿಗಳನ್ನು ಬೆರೆಸಿ ಮಾತಾಡುತ್ತ, ದುಃಖದ ಪ್ರಸಂಗದಲ್ಲಿ ಕಣ್ಣೊರೆಸಿಕೊಳ್ಳುವಷ್ಟು ತನ್ಮಯರಾಗಿ ಆಡಿದುದನ್ನು ಕಂಡು ನನಗೆ ಹೃದಯ ತುಂಬಿತು. ಅವರ ನಿಯಮದಲ್ಲಿ ಹಿಟ್ ಪಾಯಿಂಟುಗಳು ಸೊನ್ನೆಗಿಳಿದ ಪಾತ್ರವು ಒಡನೆ ಸಾಯುವುದಿಲ್ಲ. ಸರದಿ ಬಂದಾಗಲೆಲ್ಲ ಒಂದು ದಾಳ ಹಾಕಿ, ಮೂರು ಗೆಲವುಗಳಾದರೆ ಉಳಿಯುತ್ತದೆ, ಮೂರು ಸೋಲುಗಳಾದರೆ ಸಾಯುತ್ತದೆ. ಒಂದು ರಾತ್ರಿ ಸರಿಯಾಗಿ ವಿಶ್ರಮಿಸಿದರೆ ಕಳೆದುಕೊಂಡ ಪ್ರಾಣಶಕ್ತಿಯೆಲ್ಲ ಮರಳುತ್ತದೆ. ನಮ್ಮಲ್ಲಾದರೋ ವಿಶ್ರಾಂತಿಯ ದಿನವೊಂದಕ್ಕೆ ಮರಳುವುದು ಒಂದೇ ಒಂದು ಹಿಟ್ ಪಾಯಿಂಟು. ಆಟ ಮುಗಿದ ಮೇಲೆ ಅವರೆಲ್ಲ ಒತ್ತಾಯಿಸಿದ್ದರಿಂದ ಹಳೆಯ ನಿಯಮದಲ್ಲಿ ಎರಡು ಗಂಟೆ ಆಡಿಸಿದೆನು. ಮೂವರು ಸತ್ತರು, ಅವರಲ್ಲಿ ಮೊದಲನೆಯವಳು ನನ್ನ ಅಣ್ಣನ ಮಗಳೇ.

"ಚಿಕ್ಕಪ್ಪ, ಇವಳಿಗೊಂದು ಊರು, ತಂಗಿ, ಹಳೆಯ ವೈರಿ ಎಲ್ಲ ಬರೆದುಕೊಂಡು ಬಂದಿದ್ದೆ," ಎಂದಳು, ಹಾಳೆಯನ್ನು ಮಡಿಸುತ್ತ. "ಹೀಗೆ ಬಾಗಿಲಲ್ಲೇ ಸತ್ತರೆ ಅದೆಲ್ಲ ಎಲ್ಲಿಗೆ ಹೋಯಿತು, ನೀವೇ ಹೇಳಿ."

ಆಕೆಯ ಪ್ರಶ್ನೆ ನ್ಯಾಯವಾದದ್ದು. ನಾವು ಪಾತ್ರವನ್ನು ಬರಿಗೈಯಲ್ಲಿ ಕಳುಹಿಸಿ, ಬದುಕಿ ಬಂದರೆ ಅವನಿಗೆ ಊರನ್ನೂ ತಂಗಿಯನ್ನೂ ಕೊಡುತ್ತೇವೆ. ಅವರು ಎಲ್ಲವನ್ನೂ ಕೊಟ್ಟು ಕಳುಹಿಸುತ್ತಾರೆ. ಅಷ್ಟನ್ನು ಹೊತ್ತು ಹೊರಟವಳು ಹೊಸಿಲಲ್ಲಿಯೇ ಸಾಯದಂತೆ ಕಾಯುವ ನಿಯಮ ಆ ಮೇಜಿಗೆ ಬೇಕೇ ಬೇಕು. ಅಂದು ಬಸ್ಸಿನಲ್ಲಿ ಮೈಸೂರಿಗೆ ಮರಳುವಾಗ ನನಗೆ ಸ್ಪಷ್ಟವಾದದ್ದಿದು: ಹಳೆಯದು ಶ್ರೇಷ್ಠವೆಂಬ ಕಾರಣಕ್ಕಾಗಿ ನಾನು ಅದರಲ್ಲಿ ನಿಂತಿರಲಿಲ್ಲ, ಮತ್ತು ಹೊಸದು ಶ್ರೇಷ್ಠವೆಂದು ಒಪ್ಪಿದ ಮಾತ್ರಕ್ಕೆ ಅಲ್ಲಿಗೆ ಹೋಗಬೇಕಾಗಿಯೂ ಇರಲಿಲ್ಲ. ಸೋದರಮಾವನ ಮನೆಯಲ್ಲಿ ತಾಳೆಗರಿಯಿಂದ ಅಚ್ಚಿಗೆ ಬಂದಿದ್ದ ಒಂದು ಪ್ರಸಂಗದ ಪುಸ್ತಕವಿತ್ತು. ಶುದ್ಧಪಾಠದ ಮುದ್ರಣ ಬಂದ ಮೇಲೆಯೂ ಅವರು ತಮ್ಮ ಪ್ರತಿಯನ್ನು ಬಿಡಲಿಲ್ಲ, ಏಕೆಂದರೆ ಎಲ್ಲಿ ಭಾಗವತರು ತಡೆಯುವರು, ಎಲ್ಲಿ ಎದುರಾಳಿ ಅಡ್ಡ ಪ್ರಶ್ನೆ ಹಾಕಿದನು ಎಂಬ ಗುರುತುಗಳೆಲ್ಲ ಅದರಲ್ಲಿಯೇ ಇದ್ದವು.

ಮಿತ್ರರಿಗೆ ಹಾಗೆಯೇ ಬರೆದೆನು: ನನ್ನ ಮಟ್ಟಿಗೆ ಹಳೆಯದೇ ಇರಲಿ; ಪುಸ್ತಕಗಳು ಹಾಳಾಗಿದ್ದರೆ ಪುಸ್ತಕಗಳನ್ನು ಬದಲಿಸೋಣ. ಉಳಿದ ಮೂವರ ಉತ್ತರಗಳೂ ಅಂತೆಯೇ ಇದ್ದವಂತೆ. 2013ರ ಪುನರ್ಮುದ್ರಣದ ಪ್ರತಿಗಳನ್ನು ತರಿಸಿಕೊಂಡೆವು, ಮತ್ತು ಹಳೆಯ ಪ್ರತಿಗಳ ಅಂಚಿನ ಬರಹಗಳನ್ನು ಹೊಸದಕ್ಕೆ ಎತ್ತಿ ಬರೆಯುವ ಕೆಲಸ, ಕೈಬರಹ ಚೆನ್ನಾಗಿದೆಯೆಂಬ ನೆಪದಿಂದ, ನನ್ನ ಪಾಲಿಗೆ ಬಂದಿತು. ಹಾಳೆಹಾಳೆಯಾದ ಗ್ರಂಥ ಒಂದು ದಪ್ಪ ಲಕೋಟೆಯಲ್ಲಿ ಸಮುದ್ರಗಳನ್ನು ದಾಟಿ ಬಂದಿದೆ. ದಿನಕ್ಕೆ ನಾಲ್ಕು ಪುಟದಂತೆ, ಕಂದಕದ ಎಣ್ಣೆಯನ್ನೂ, ದಾದಿಯ ಹಂತಕಿಯನ್ನೂ, ಯಾರೋ ಚೆಲ್ಲಿದ ಕಾಫಿಯ ಕಲೆಯ ಸುತ್ತ ಬರೆದ ತೀರ್ಪುಗಳನ್ನೂ ಎತ್ತಿ ಬರೆಯುತ್ತಿದ್ದೇನೆ. ಹೋದ ವಾರ ಬೀಗಗಳ ವಿಷಯ ಬರುವ ಪುಟದಲ್ಲಿ, ನನ್ನದೇ ಕನ್ನಡ ಅಕ್ಷರಗಳಲ್ಲಿ, ಕೆಂಪು ಬಾಗಿಲನ್ನು ಗುಬ್ಬಿ ಎಂದಿಗೂ ತೆರೆಯಬಾರದು ಎಂಬ ಒಂದು ಸಾಲು ಸಿಕ್ಕಿತು. ಯಾವ ಬಾಗಿಲು, ಯಾವ ವರ್ಷ, ಒಂದೂ ನೆನಪಾಗಲಿಲ್ಲ. ಇದ್ದಂತೆಯೇ ಎತ್ತಿ ಬರೆದೆನು.

ಭಾನುವಾರ ಬೆಳಗ್ಗೆ ಆಟ ಆರಂಭವಾಗುವ ಮೊದಲು ಅದನ್ನು ಓದಿ ಹೇಳಿ, ಯಾರಿಗಾದರೂ ನೆನಪಿದೆಯೇ ಎಂದು ಕೇಳಿದೆನು. ಮೂವರಿಗೂ ನೆನಪಿರಲಿಲ್ಲ. ಡಂಜನ್ ಮಾಸ್ಟರ್ ಏನನ್ನೂ ಹೇಳಲಿಲ್ಲ. ಅವರ ಪರದೆಯ ಹಿಂದೆ ದಾಳವೊಂದು ಉರುಳಿ ನಿಂತ ಸದ್ದು ಕೇಳಿಸಿತು.